ಮುಕ್ತ ಗಣಿತ ತಂತ್ರಾಂಶ: ವಿದ್ಯಾರ್ಥಿ ಯೋಜನೆ ಮತ್ತು ಮಾರ್ಗದರ್ಶನ

ಸೈಲ್ಯಾಬ್, ಸೇಜ್‌ಮ್ಯಾಥ್ ಮುಂತಾದ ಮುಕ್ತ ಗಣಿತ ತಂತ್ರಾಂಶಗಳನ್ನು ಉಚಿತವಾಗಿ ಬಳಸಬಹುದಲ್ಲದೆ, ಅವುಗಳ ಮೂಲ ಕ್ರಮವಿಧಿಯನ್ನು, ಅಂದರೆ ಸೋರ್ಸ್ ಕೋಡನ್ನು, ಓದಿ ಸುಧಾರಿಸಬಹುದಾಗಿದೆ. ಪರವಾನಗಿ ಶುಲ್ಕವಿಲ್ಲದ ಕಾರಣ ಗ್ರಾಮೀಣ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಪಾಲ್ಗೊಳ್ಳಬಹುದು. ಆದರೆ ಮಾರ್ಗದರ್ಶಕರಿಲ್ಲದ ಯೋಜನೆಗಳು ಅರ್ಧಕ್ಕೇ ನಿಲ್ಲುವ ಸಂಭವವಿರುತ್ತದೆ.

ಪ್ರಚಲಿತ ಮಾದರಿಗಳು

1. ಪಠ್ಯಪುಸ್ತಕ ಆಧಾರಿತ ಯೋಜನೆ: ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಫಾಸೀ ಯೋಜನೆಯಡಿ, ವಿದ್ಯಾರ್ಥಿಗಳು ಒಂದು ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿರುವ ಲೆಕ್ಕಗಳಿಗೆ ಸೈಲ್ಯಾಬ್‌ನಲ್ಲಿ ಕ್ರಮವಿಧಿ ರಚಿಸುತ್ತಾರೆ. ಉತ್ತರವು ಪುಸ್ತಕದ ಉತ್ತರಕ್ಕೆ ತಾಳೆಯಾಗಬೇಕು. ಪರಿಶೀಲನೆಯ ನಂತರ ಅದನ್ನು ಎಲ್ಲರ ಬಳಕೆಗೆ ಪ್ರಕಟಿಸಲಾಗುತ್ತದೆ.

2. ಗೂಗಲ್ ಸಮ್ಮರ್ ಆಫ್ ಕೋಡ್: ಇದು 2005ರಲ್ಲಿ ಆರಂಭವಾಯಿತು. ಸೇಜ್‌ಮ್ಯಾಥ್ ತಂಡವೂ ಇದರಲ್ಲಿ ಭಾಗವಹಿಸಿದೆ. ತಂತ್ರಾಂಶ ತಂಡಗಳು ಮೊದಲು ಕೆಲಸಗಳ ಪಟ್ಟಿಯನ್ನು ಸಿದ್ಧಪಡಿಸಿ ಮಾರ್ಗದರ್ಶಕರನ್ನು ಗೊತ್ತುಪಡಿಸುತ್ತವೆ. ಅನಂತರವೇ ಅಭ್ಯರ್ಥಿಗಳಿಂದ ಪ್ರಸ್ತಾವನೆ ಪಡೆಯಲಾಗುತ್ತದೆ. 2022ರಿಂದ ವಿದ್ಯಾರ್ಥಿಗಳಲ್ಲದ, 18 ವರ್ಷ ತುಂಬಿದ ಹೊಸಬರಿಗೂ ಅವಕಾಶವಿದೆ.

ಸ್ಥಳೀಯವಾಗಿ ಸಂಘಟಿಸುವ ಕ್ರಮ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರವು 2011ರಿಂದ ವಿಜ್ಞಾನ ಹಾಗೂ ಗಣಿತ ಶಿಕ್ಷಕರಿಗೆ ತರಬೇತಿ ನೀಡುತ್ತಾ ಬಂದಿದೆ. ಇಂತಹ ತರಬೇತಿ ಪಡೆದ ಗಣಿತ ಶಿಕ್ಷಕರು ಸ್ಥಳೀಯ ಮಾರ್ಗದರ್ಶಕರಾಗಬಹುದು. ಇದಕ್ಕಾಗಿ:

- ಮಾರ್ಗದರ್ಶಕರನ್ನು ಗುರುತಿಸಿದ ಬಳಿಕವೇ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುವುದು.
- ಪಠ್ಯದ ಒಂದು ಅಧ್ಯಾಯದಂತಹ ಸಣ್ಣ, ಸ್ಪಷ್ಟ ಕೆಲಸದಿಂದ ಆರಂಭಿಸುವುದು.
- ವಾರಕ್ಕೊಮ್ಮೆ ಪ್ರಗತಿ ಪರಿಶೀಲಿಸುವುದು.
- ಪ್ರಕಟಿತ ಕೆಲಸದಲ್ಲಿ ವಿದ್ಯಾರ್ಥಿಯ ಹೆಸರನ್ನು ತಪ್ಪದೆ ನಮೂದಿಸುವುದು.

ಹೀಗೆ ಪ್ರಕಟವಾದ ಕೆಲಸವು ಉನ್ನತ ವ್ಯಾಸಂಗ ಹಾಗೂ ಉದ್ಯೋಗದ ಸಂದರ್ಭದಲ್ಲಿ ವಿದ್ಯಾರ್ಥಿಯ ಸಾಮರ್ಥ್ಯಕ್ಕೆ ಯಾರು ಬೇಕಾದರೂ ಪರೀಕ್ಷಿಸಬಹುದಾದ ಪುರಾವೆಯಾಗುತ್ತದೆ.