ಅಂಗಡಿಯ ಕೀಲಿಕೈ ನಿಮ್ಮ ಸೆರಗಲ್ಲೇ ಇರಲಿ

ಬೆಳಿಗ್ಗೆ ಹಾಲು, ತರಕಾರಿ. ಮಧ್ಯಾಹ್ನ ಮಗಳ ಪ್ರಾಜೆಕ್ಟಿಗೆ ಚಾರ್ಟ್ ಪೇಪರ್. ಸಂಜೆ ಅತ್ತೆಯವರ ಮಂಡಿನೋವಿಗೆ ಎಣ್ಣೆ... ಮೊಬೈಲ್ ಮೇಲೆ ಬೆರಳಾಡಿಸಿದರೆ ಸಾಕು, ಎಲ್ಲವೂ ಮನೆಬಾಗಿಲಿಗೇ ಬರುತ್ತದೆ. ಕೊಳ್ಳುವುದರಲ್ಲಿ ನಾವು ಗೃಹಿಣಿಯರು ಚೆನ್ನಾಗಿಯೇ ಪಳಗಿದ್ದೇವೆ. ಆದರೆ ಅದೇ ಮೊಬೈಲ್‌ನಲ್ಲಿ ನಾವು ಮಾಡಿದ್ದನ್ನು ಮಾರುವುದು ಹೇಗೆ ಅಂತ ಕೇಳಿದರೆ? 'ಅಯ್ಯೋ, ಅದೆಲ್ಲ ಕಂಪ್ಯೂಟರ್ ಓದಿದವರ ಕೆಲಸ ಕಣ್ರೀ' ಅಂದುಬಿಡುತ್ತೇವೆ.

ಹಾಗನ್ನುವ ಮುನ್ನ ಈ ಸಂಗತಿ ಕೇಳಿ. ಮನೆಯಲ್ಲೇ ಕುಳಿತು ದಿನಸಿಗೆ ಆರ್ಡರ್ ಕೊಟ್ಟವರಲ್ಲಿ ಮೊದಲಿಗರು ಎಂದು ಹೆಸರಾಗಿರುವುದು ಯಾವ ಎಂಜಿನಿಯರೂ ಅಲ್ಲ, 72 ವರ್ಷದ ಒಬ್ಬ ಅಜ್ಜಿ! ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಜೇನ್ ಸ್ನೋಬಾಲ್ 1984ರ ಮೇ ತಿಂಗಳಲ್ಲಿ ಮನೆಯ ಟಿ.ವಿ.ಯ ರಿಮೋಟ್ ಒತ್ತಿ ಟೆಸ್ಕೊ ಅಂಗಡಿಯಿಂದ ಮಾರ್ಗರಿನ್, ಕಾರ್ನ್‌ಫ್ಲೇಕ್ಸ್ ಮತ್ತು ಮೊಟ್ಟೆ ತರಿಸಿಕೊಂಡಿದ್ದರು. ಆಗ ನಮ್ಮಲ್ಲಿ ಅನೇಕರು ಹುಟ್ಟಿಯೇ ಇರಲಿಲ್ಲ. 72ರಲ್ಲಿ ಅವರಿಗೆ ಸಾಧ್ಯವಾದದ್ದು ಮೂವತ್ತು ನಲವತ್ತರಲ್ಲಿ ನಮಗೆ ಆಗದೇ?

ಈಗ ಕಾಲೇಜಿಗೆ ಹೋಗದೆಯೇ ಇ-ಕಾಮರ್ಸ್ ಕಲಿಯಬಹುದು. ಕೋರ್ಸ್ ಯಾವುದು, ಅದರಲ್ಲಿ ಏನು ಹೇಳಿಕೊಡುತ್ತಾರೆ, ದುಡ್ಡು ಎಷ್ಟು ಅನ್ನುವುದಕ್ಕಿಂತ ಮೊದಲು, ಅದನ್ನು ನಾವು ಯಾಕೆ ಕಲಿಯಬೇಕು ಅನ್ನುವುದನ್ನು ನೋಡೋಣ.

ದುಡಿಮೆ ನಿಮ್ಮದು, ಪಾಸ್‌ವರ್ಡ್ ಯಾರದು?

ನಮ್ಮ ಬಡಾವಣೆಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಒಬ್ಬರಿದ್ದಾರೆ. ಕೈಕೆಲಸ ನೋಡಿದರೆ ಕಣ್ಣು ತುಂಬುತ್ತದೆ. ಪರಿಚಯದ ಹುಡುಗನೊಬ್ಬ 'ಆಂಟಿ, ನಾನು ಆನ್‌ಲೈನ್ ಮಾಡಿಕೊಡ್ತೀನಿ' ಅಂದ. ಮಾಡಿಯೂ ಕೊಟ್ಟ. ಆದರೆ ಅಂಗಡಿಯ ಇ-ಮೇಲ್ ಅವನದು, ಮೊಬೈಲ್ ನಂಬರ್ ಅವನದು, ಹಣ ಬಂದು ಬೀಳುವ ಖಾತೆಯೂ ಅವನದೇ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಫೋನ್ ಎತ್ತುವುದು ನಿಂತಿತು. ಗಿರಾಕಿಗಳ ವಿಳಾಸ, ಫೋಟೊಗಳು, ಮೆಚ್ಚುಗೆಯ ಮಾತುಗಳು ಎಲ್ಲವೂ ಅವನ ಪಾಸ್‌ವರ್ಡಿನ ಹಿಂದೆಯೇ ಉಳಿದುಹೋದವು. ಆಕೆ ಮತ್ತೆ ಮೊದಲ ಕುಚ್ಚಿನಿಂದ ಶುರು ಮಾಡಬೇಕಾಯಿತು.

ಹುಡುಗ ಮೋಸಗಾರನಲ್ಲದೆಯೂ ಇರಬಹುದು. ಆದರೆ ನೋಡಿ, ಹಿಂದೆ ನಮ್ಮಜ್ಜಿಯರು ಉಗ್ರಾಣದ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದರು. ಆನ್‌ಲೈನ್ ಅಂಗಡಿಯ ಕೀಲಿಕೈ ಅಂದರೆ ಪಾಸ್‌ವರ್ಡ್, ಒಟಿಪಿ ಬರುವ ನಂಬರ್, ಬ್ಯಾಂಕ್ ಖಾತೆ ಮತ್ತು ಲೆಕ್ಕದ ಪುಸ್ತಕ. ಯಜಮಾನರಾಗಲಿ, ಮಗನಾಗಲಿ, ಪಕ್ಕದ ಮನೆಯ ಹುಡುಗನಾಗಲಿ ಸಹಾಯ ಮಾಡಲಿ, ಬೇಡ ಅನ್ನುವವರಾರು? ಕೀಲಿಕೈ ಮಾತ್ರ ನಿಮ್ಮಲ್ಲೇ ಇರಬೇಕು. ಅದಕ್ಕೆ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು. ಕೋರ್ಸ್ ಬೇಕಾಗಿರುವುದು ಇದಕ್ಕೇ!

ಪಾಠದಲ್ಲಿ ಏನಿರುತ್ತದೆ?

ಹೆಸರುಗಳು ಕೇಳಲು ಗಡುಸು. ಒಳಗಿರುವುದು ನಮಗೆ ಗೊತ್ತಿರುವ ಅಂಗಡಿ ವ್ಯವಹಾರವೇ.

'ಡೊಮೇನ್' ಅಂದರೆ ಅಂಗಡಿಯ ಬೋರ್ಡು. ಇದನ್ನು ಕಾಲಕಾಲಕ್ಕೆ ದುಡ್ಡು ಕಟ್ಟಿ ನವೀಕರಿಸಬೇಕು, ಮರೆತರೆ ಆ ಹೆಸರು ಬೇರೆಯವರ ಪಾಲಾಗಬಹುದು. 'ಹೋಸ್ಟಿಂಗ್' ಅಂದರೆ ಬಾಡಿಗೆ ಮಳಿಗೆ. 'ಡೇಟಾಬೇಸ್' ಅಂದರೆ ಯಾವ ಡಬ್ಬಿಯಲ್ಲಿ ಎಷ್ಟು ಸರಕಿದೆ, ಯಾರು ಎಷ್ಟು ಕೊಂಡರು ಎಂದು ಬರೆದಿಡುವ ಪುಸ್ತಕ. 'ಪೇಮೆಂಟ್ ಗೇಟ್‌ವೇ' ಗಿರಾಕಿಯ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನಡುವೆ ಓಡಾಡುವ ನಂಬಿಕಸ್ಥ ಗುಮಾಸ್ತ. ಅವನಿಗೆ ಕಮಿಷನ್ ಉಂಟು.

ಸುರಕ್ಷತೆಯ ಪಾಠವನ್ನಂತೂ ಬಿಡಲೇಬೇಡಿ. ವಿಳಾಸದ ಮೊದಲಲ್ಲಿ 'ಎಚ್‌ಟಿಟಿಪಿಎಸ್' ಇದ್ದರೆ ನೀವು ಕಳಿಸುವ ಮಾಹಿತಿ ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಹೋಗುತ್ತದೆ ಎಂದರ್ಥ. ಆದರೆ ಅಂಗಡಿಯವನು ಪ್ರಾಮಾಣಿಕ ಎಂದು ಅರ್ಥವಲ್ಲ. ಮೋಸದ ಸೈಟುಗಳೂ ಅದನ್ನು ಹಾಕಿಕೊಂಡಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ವೇ? ಇನ್ನೊಂದು ವಿಷಯ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮಾರುವವರು ಗಿರಾಕಿಯ ಕಾರ್ಡ್ ನಂಬರನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ. ಹಾಗಾಗಿ 'ನಿಮ್ಮ ಕಾರ್ಡ್ ಫೋಟೊ ಕಳಿಸಿ' ಎಂದು ನೀವು ಯಾರನ್ನೂ ಕೇಳಬಾರದು, ಕೇಳಿದವರಿಗೆ ಕೊಡಲೂಬಾರದು.

ಎಲ್ಲಿ ಕಲಿಯಬಹುದು?

ಕೇಂದ್ರ ಸರ್ಕಾರದ 'ಸ್ವಯಂ' 2017ರ ಜುಲೈ 9ರಂದು ಶುರುವಾಯಿತು. ಅದಕ್ಕಿಂತ ಮೊದಲೇ, 2003ರಲ್ಲಿ, ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಶುರು ಮಾಡಿದ 'ಎನ್‌ಪಿಟಿಇಎಲ್' ಪಾಠಗಳೂ ಈಗ ಇದರಲ್ಲೇ ಸಿಗುತ್ತವೆ. ಐಐಟಿ ಖರಗ್‌ಪುರದ 'ಇ-ಬಿಸಿನೆಸ್' ಎಂಬ 12 ವಾರದ ಪಾಠ ಇಲ್ಲಿ ಬಂದಿದೆ. ಸೇರುವುದಕ್ಕೆ, ಪಾಠ ಕೇಳುವುದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಪಾಠಗಳು ಮುಖ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಎಲ್ಲ ಪಾಠ ಪ್ರತಿಸಲವೂ ಇರುವುದಿಲ್ಲ, ಪಟ್ಟಿ ನೋಡಿಕೊಂಡು ಸೇರಿ.

ಪಾಠ ಇಂಗ್ಲಿಷಿನಲ್ಲಿರುತ್ತದೆ ಅಂತ ಹಿಂಜರಿಯಬೇಡಿ. ವಿಡಿಯೊವನ್ನು ನಿಲ್ಲಿಸಿ, ಹಿಂದಕ್ಕೆ ಹಾಕಿ, ಹತ್ತು ಸಲ ಕೇಳಬಹುದು. ಕ್ಲಾಸಿನಲ್ಲಿ ಮೇಷ್ಟರನ್ನು ಹಾಗೆ ನಿಲ್ಲಿಸಲಾಗುತ್ತಿತ್ತೇ? ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಅನುವಾದ ಕನ್ನಡದಲ್ಲೂ ಸಿಗುತ್ತದೆ.

ಅರ್ಧಕ್ಕೆ ನಿಂತ ಪದವಿಯನ್ನು ಪೂರ್ತಿ ಮಾಡುವ ಆಸೆ ಇರುವವರು ಇಂದಿರಾ ಗಾಂಧಿ ಮುಕ್ತ ವಿ.ವಿ., ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿ.ವಿ.ಯಂಥ ಕಡೆ ವಾಣಿಜ್ಯ ವಿಷಯಗಳನ್ನು ವಿಚಾರಿಸಬಹುದು. ಆದರೆ ಎಲ್ಲೇ ಸೇರಿ, ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ನೋಡಿ. ನಮ್ಮ ರಾಜ್ಯ ಮುಕ್ತ ವಿ.ವಿ.ಯ ಮಾನ್ಯತೆಯೇ 2015ರಲ್ಲಿ ತೊಡಕಿಗೆ ಸಿಲುಕಿ, 2018ರಲ್ಲಿ ಮತ್ತೆ ದೊರಕಿತು. ನಡುವೆ ವಿದ್ಯಾರ್ಥಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಇನ್ನು 'ನಾವು ಆ ವಿ.ವಿ.ಯ ಫ್ರಾಂಚೈಸಿ, ಇಲ್ಲೇ ಫೀಸು ಕಟ್ಟಿ' ಅನ್ನುವವರಿಂದ ದೂರವಿರಿ. ಆನ್‌ಲೈನ್ ಪದವಿಗಳನ್ನು ಫ್ರಾಂಚೈಸಿ ಮೂಲಕ ನಡೆಸಲು ಯುಜಿಸಿಯ 2020ರ ನಿಯಮ ಬಿಡುವುದಿಲ್ಲ.

ಕೇಳಿದರೆ ಸಾಲದು, ಮಾಡಬೇಕು

ದಡದಲ್ಲಿ ಕುಳಿತು ಈಜು ಕಲಿತವರಿಲ್ಲ. ಪಾಠ ಶುರುವಾದ ದಿನವೇ ನಿಮ್ಮದೊಂದು ಸರಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಾರಿನ ಪುಡಿ, ಕುಚ್ಚು, ಕಸೂತಿ, ಹೂವಿನ ಗಿಡ ಏನಾದರೂ ಸರಿ. ವಾರವಾರದ ಪಾಠವನ್ನು ಅದಕ್ಕೇ ಹಚ್ಚಿ ನೋಡಿ.

ಉದಾಹರಣೆಗೆ ಲೆಕ್ಕದ ಪಾಠ. ಕಾಲು ಕೆ.ಜಿ. ಸಾರಿನ ಪುಡಿಯನ್ನು ಅಂಚೆವೆಚ್ಚ ಸೇರಿ 200 ರೂಪಾಯಿಗೆ ಮಾರುತ್ತೀರಿ ಅಂತಿಟ್ಟುಕೊಳ್ಳಿ. ಸಾಮಾನು 75, ಪ್ಯಾಕಿಂಗ್ 15, ಕೊರಿಯರ್ 60, ಗೇಟ್‌ವೇ ಕಮಿಷನ್ ಶೇ 2ರಂತೆ 4. ಒಟ್ಟು ಖರ್ಚು 154. ಉಳಿದದ್ದು 46 ರೂಪಾಯಿ. ಹತ್ತು ಪೊಟ್ಟಣಕ್ಕೆ 460. ಪರವಾಗಿಲ್ಲ ಅನ್ನಿಸಿತೇ?

ಈಗ ಹತ್ತರಲ್ಲಿ ಒಂದು ಪಾರ್ಸೆಲ್‌ಗೆ 'ಮನೆಗೆ ಬಂದಾಗ ಹಣ ಕೊಡ್ತೀನಿ' ಅಂದಿದ್ದ ಗಿರಾಕಿ ಬಾಗಿಲು ತೆರೆಯಲಿಲ್ಲ ಅನ್ನಿ. ಹೋಗುವ ಕೊರಿಯರ್ 60, ಬರುವ ಕೊರಿಯರ್ 60, ಮತ್ತೆ ಮಾರಲಾಗದ ಪುಡಿ ಮತ್ತು ಪ್ಯಾಕಿಂಗ್ 90. ನಷ್ಟ 210. ಉಳಿದ ಒಂಬತ್ತರ ಲಾಭ 414ರಲ್ಲಿ ಅದನ್ನು ಕಳೆದರೆ ಕೈಗೆ ಬರುವುದು 204! ಒಂದೇ ಪೊಟ್ಟಣ ವಾಪಸ್ ಬಂದಿದ್ದಕ್ಕೆ ಲಾಭ ಅರ್ಧಕ್ಕಿಂತ ಕೆಳಗಿಳಿಯಿತು. ನಿಮ್ಮ ಕೂಲಿಯನ್ನಂತೂ ನಾವಿನ್ನೂ ಹಿಡಿದೇ ಇಲ್ಲ. ಈ ಲೆಕ್ಕ ತಿಳಿದವರು ಮೊದಲೇ ಹಣ ಕೇಳುವ ಧೈರ್ಯ ಮಾಡುತ್ತಾರೆ, ಎರಡು ಪೊಟ್ಟಣ ಒಟ್ಟಿಗೆ ಕೊಂಡರೆ ಮಾತ್ರ ರಿಯಾಯಿತಿ ಕೊಡುತ್ತಾರೆ. ತಿಳಿಯದವರು ಒಲೆ ಮುಂದೆ ಬೇಯುತ್ತಾ 'ಯಾಕೋ ದುಡ್ಡೇ ನಿಲ್ತಾ ಇಲ್ಲ' ಅನ್ನುತ್ತಾರೆ.

ಕಾನೂನಿನ ನಾಲ್ಕು ಮಾತು

ಹೆದರಬೇಡಿ, ಕಾನೂನು ನಮ್ಮಂಥ ಸಣ್ಣವರ ಪರವಾಗಿಯೂ ಇದೆ. ಮೊದಲು ದೊಡ್ಡ ಮಾರುಕಟ್ಟೆ ಸೈಟುಗಳಲ್ಲಿ ಸರಕು ಮಾರಬೇಕಾದರೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ನೋಂದಣಿಯ ಮಿತಿಯೊಳಗೆ ವಹಿವಾಟು ಇರುವವರು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದು ನೋಂದಣಿ ಇಲ್ಲದೆಯೇ ಮಾರಬಹುದು. ಹೊರರಾಜ್ಯಕ್ಕೆ ಕಳಿಸುವ ಮುನ್ನ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿ.

ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆಯ ಅಡುಗೆಕೋಣೆಯಲ್ಲಿ ಮಾಡಿದರೂ ಬೇಕು. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ತೂಕ, ತಯಾರಾದ ಕಾಲ, ಗರಿಷ್ಠ ಮಾರಾಟ ಬೆಲೆ ಇರಬೇಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮದ ಪ್ರಕಾರ ಮಾರುವವರೇ ಗಿರಾಕಿಯ ಸೋಗಿನಲ್ಲಿ 'ಸೂಪರ್ ಟೇಸ್ಟ್!' ಅಂತ ವಿಮರ್ಶೆ ಬರೆದುಕೊಳ್ಳುವಂತಿಲ್ಲ. ನಾದಿನಿಯ ಕೈಲಿ ಬರೆಸುವ ಆಸೆಯನ್ನೂ ಬಿಟ್ಟುಬಿಡಿ!

ಪುರುಸೊತ್ತು ಎಲ್ಲಿದೆ ಅಂತೀರಾ?

ಇದೇ ದೊಡ್ಡ ಪ್ರಶ್ನೆ. 12 ವಾರದ ಪಾಠಕ್ಕೆ ವಾರಕ್ಕೆ ಸುಮಾರು ಎರಡೂವರೆ ಗಂಟೆ ವಿಡಿಯೊ ಇರುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆಯೂ ಇಲ್ಲ. ಅದರ ಜೊತೆಗೆ ವಾರಕ್ಕೊಂದು ಅಭ್ಯಾಸ. ಜುಲೈನಲ್ಲಿ ಸೇರಿದರೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ ಎಲ್ಲವೂ ನಡುವೆಯೇ ಬರುತ್ತವೆ. ಗಾಬರಿಯಾಗಬೇಡಿ. ಎನ್‌ಪಿಟಿಇಎಲ್‌ನ 12 ವಾರದ ಪಾಠದಲ್ಲಿ ನಿಮ್ಮ ಉತ್ತಮ 8 ಅಭ್ಯಾಸಗಳ ಅಂಕವನ್ನಷ್ಟೇ ಹಿಡಿಯುತ್ತಾರೆ. ಅಭ್ಯಾಸಕ್ಕೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು ಅಭ್ಯಾಸದಲ್ಲಿ 10, ಪರೀಕ್ಷೆಯಲ್ಲಿ 30 ಬಂದರೆ ಸಾಕು. ಹಬ್ಬವೂ ಆಯಿತು, ಓದೂ ಆಯಿತು.

ಮನೆಯವರಿಗೆ ಮೊದಲೇ ಹೇಳಿಬಿಡಿ, 'ಮಧ್ಯಾಹ್ನ ಎರಡೂವರೆಯಿಂದ ಮೂರು ನನ್ನ ಕ್ಲಾಸು' ಅಂತ. ಮಕ್ಕಳ ಟ್ಯೂಷನ್ನಿಗೆ ಇಡೀ ಮನೆ ಸದ್ದಡಗಿಸುತ್ತದೆ. ಅಮ್ಮನ ಕ್ಲಾಸಿಗೂ ಅಷ್ಟೇ ಮರ್ಯಾದೆ ಸಿಗಲಿ. ಅದನ್ನು ನೀವು ಕೇಳಿಯೇ ಪಡೆಯಬೇಕು, ತಾನಾಗಿ ಬರುವುದಿಲ್ಲ.

ಇಷ್ಟು ನೆನಪಿರಲಿ

* ಅಂಗಡಿಗೆಂದೇ ಹೊಸ ಇ-ಮೇಲ್ ಮಾಡಿಕೊಳ್ಳಿ. ಅದು ನಿಮ್ಮ ಹೆಸರಲ್ಲಿ, ನಿಮ್ಮ ಮೊಬೈಲ್ ನಂಬರಿಗೆ ಜೋಡಣೆಯಾಗಿರಲಿ.

* ಹಣ ಬಂದು ಸೇರುವ ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲಿರಲಿ. ಮನೆಖರ್ಚಿನ ಹಣವನ್ನೂ ಅಂಗಡಿಯ ಹಣವನ್ನೂ ಬೆರೆಸಬೇಡಿ.

* ಡೊಮೇನನ್ನು ಬೇರೆಯವರು ಕೊಡಿಸಿದರೂ ನೋಂದಣಿ ನಿಮ್ಮ ಹೆಸರಿಗೇ ಆಗಲಿ. ನವೀಕರಣದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

* ಗಿರಾಕಿಗಳ ಹೆಸರು, ವಿಳಾಸಗಳ ಪ್ರತಿಯೊಂದು ನಿಮ್ಮ ಬಳಿ ಜೋಪಾನವಾಗಿರಲಿ. ಅದನ್ನು ಬೇರೆ ಯಾರಿಗೂ ಕೊಡಬೇಡಿ.

* ನಿಮಗೆ ಹಣ ಬರಬೇಕಾದಾಗ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. 'ಹಣ ಕಳಿಸ್ತಿದ್ದೀನಿ, ಪಿನ್ ಒತ್ತಿ ಮೇಡಂ' ಎಂದರೆ ಫೋನ್ ಇಟ್ಟುಬಿಡಿ. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಸರ್ಟಿಫಿಕೇಟ್ ಬರುವವರೆಗೂ ಕಾಯಬೇಡಿ. ಆರನೇ ವಾರದ ಹೊತ್ತಿಗೆ ಹತ್ತು ಜನ ಪರಿಚಿತರಿಗೆ ಮಾರಿ, ಲೆಕ್ಕ ಬರೆಯಿರಿ.

ಹನ್ನೆರಡು ವಾರ ಕಲಿತ ಮಾತ್ರಕ್ಕೆ ಲಕ್ಷಗಟ್ಟಲೆ ಬಂದುಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುಡಿಯ ರುಚಿಯನ್ನಾಗಲೀ ಕುಚ್ಚಿನ ಅಂದವನ್ನಾಗಲೀ ಯಾವ ಕೋರ್ಸೂ ಕಲಿಸುವುದಿಲ್ಲ, ಅದು ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಆ ಕೈಯ ದುಡಿಮೆ ಎಲ್ಲಿ ಹೋಗುತ್ತಿದೆ, ಎಷ್ಟು ಬರುತ್ತಿದೆ, ಯಾರ ಹೆಸರಲ್ಲಿ ಬರುತ್ತಿದೆ ಎಂದು ಇನ್ನೊಬ್ಬರನ್ನು ಕೇಳದೆ ತಿಳಿಯುವ ಶಕ್ತಿಯನ್ನು ಮಾತ್ರ ಅದು ಕೊಡುತ್ತದೆ. ಅಷ್ಟು ಸಾಲದೇ? ಹಾಗಾದರೆ ತಡವೇಕೆ, ಇಂದು ಮಧ್ಯಾಹ್ನದ ಧಾರಾವಾಹಿಯ ಹೊತ್ತಲ್ಲಿ ಒಂದು ಪಾಠ ಕೇಳಿ ನೋಡಿ!