ಇದು ನಾಚಿಕೆಯ ಮಾತಲ್ಲ

ನಮ್ಮ ತಡಸದಿಂದ ಶಿಶುನಾಳ ಜಾತ್ರೆಗೆ ಹೊರಟಿದ್ದೆವು. ಓಣಿಯ ಆಯಿ ಮಾತ್ರ ಕಟ್ಟೆಯ ಮೇಲೆ ಕುಳಿತೇ ಇದ್ದಳು.

"ಯಾಕ ಆಯಿ, ನೀ ಬರೂದಿಲ್ಲೇನು?" ಎಂದು ಕೇಳಿದೆವು.

"ನನಗ ಮೊಣಕಾಲು ಬ್ಯಾನಿ. ನೀವು ಹೋಗಿ ಬರ್ರಿ" ಎಂದಳು.

ನಿಜವಾದ ಕಾರಣ ಬೇರೆ ಇತ್ತು. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಆಯಿಗೆ ಉಚ್ಚಿ ಸೋರುತ್ತಿತ್ತು. ಬಸ್ಸಿನಲ್ಲಿ ಸೀರೆ ಒದ್ದೆಯಾದರೆ ಏನು ಮಾಡುವುದು? ಈ ಹೆದರಿಕೆಗೆ ಮದುವೆ, ಜಾತ್ರೆ ಎಲ್ಲ ಬಿಟ್ಟಿದ್ದಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು. ಸೊಸೆಗೂ ಹೇಳಿರಲಿಲ್ಲ.

ಇಂಥ ಆಯಿ ನಮ್ಮೂರಲ್ಲಿ ಒಬ್ಬಳೇ ಅಲ್ಲ. ಎಲ್ಲ ಊರಲ್ಲೂ ಇದ್ದಾರೆ. ಗಂಡಸರಲ್ಲೂ ಇದ್ದಾರೆ.

ಹೀಗೆ ಯಾಕೆ ಆಗುತ್ತದೆ?

ನಮ್ಮ ಕೆಳಹೊಟ್ಟೆಯಲ್ಲಿ ಮೂತ್ರದ ಚೀಲ ಇದೆ. ಅದರ ಕೆಳಗೆ ತೊಟ್ಟಿಲ ಹಾಗೆ ಸ್ನಾಯುಗಳು ಇವೆ. ಅವು ಚೀಲವನ್ನು ಎತ್ತಿ ಹಿಡಿಯುತ್ತವೆ. ಬಾಯಿಯನ್ನು ಬಿಗಿಯಾಗಿ ಮುಚ್ಚುತ್ತವೆ. ಹೆರಿಗೆಗಳಿಂದ ಈ ಸ್ನಾಯು ಸಡಿಲವಾಗುತ್ತವೆ. ಮುಟ್ಟು ನಿಂತ ಮೇಲೆ ಇನ್ನಷ್ಟು ಸೊರಗುತ್ತವೆ. ಭಾರ ಹೊತ್ತರೆ, ಮಲಬದ್ಧತೆ ಇದ್ದರೆ ಅವುಗಳ ಮೇಲೆ ಒತ್ತಡ ಬೀಳುತ್ತದೆ.

ಕೆಲವರಿಗೆ ಅವಸರ ಹೆಚ್ಚು. ಬಚ್ಚಲಿಗೆ ಹೋಗುವುದರೊಳಗೇ ಆಗಿಬಿಡುತ್ತದೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಕೆಲವು ಬಿ.ಪಿ. ಗುಳಿಗೆಗಳಿಂದಲೂ ಹೀಗಾಗಬಹುದು. ಹಾಗಂತ ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ಡಾಕ್ಟರನ್ನು ಕೇಳಬೇಕು.

ಕೆಲವರು "ಮುದುಕಿಗೆ ಎಚ್ಚರ ಇಲ್ಲ" ಎಂದು ಬೈಯುತ್ತಾರೆ. ಅದು ತಪ್ಪು. ಇದು ಸೋಮಾರಿತನ ಅಲ್ಲ, ಕಾಯಿಲೆ. ಇದಕ್ಕೆ ಉಪಾಯ ಇದೆ.

ನಾವು ಏನು ಮಾಡಬೇಕು?

ನೀರು ಬಿಡಬಾರದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲ ಉರಿಯುತ್ತದೆ. ಅವಸರ ಇನ್ನೂ ಹೆಚ್ಚುತ್ತದೆ. ದಿನಕ್ಕೆ 6ರಿಂದ 8 ಲೋಟ ಕುಡಿಯೋಣ. ಹೃದಯದ, ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರು ಹೇಳಿದಷ್ಟು ಕುಡಿಯಲಿ. ಚಹಾ ಕಡಿಮೆ ಮಾಡೋಣ. ಮಲಗುವ 2 ತಾಸು ಮೊದಲು ಹೆಚ್ಚು ಕುಡಿಯುವುದು ಬೇಡ.

ಹೊತ್ತು ಹಿಡಿದು ಹೋಗೋಣ. ಅವಸರ ಬರುವ ತನಕ ಕಾಯದೆ 2 ತಾಸಿಗೊಮ್ಮೆ ಹೋಗಬೇಕು. ರಾತ್ರಿ ದಾರಿಯಲ್ಲಿ ದೀಪ ಇರಲಿ. ಕತ್ತಲಲ್ಲಿ ಅವಸರ ಮಾಡಿ ಬಿದ್ದು ಸೊಂಟ ಮುರಿದುಕೊಂಡವರು ಇದ್ದಾರೆ. ನಡೆಯಲು ಆಗದವರಿಗೆ ಹಾಸಿಗೆ ಹತ್ತಿರ ಪಾತ್ರೆ ಇಡೋಣ.

ಒಂದು ವ್ಯಾಯಾಮ ಇದೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ಖರ್ಚಿಲ್ಲ. ಗಾಳಿ ಹೋಗದಂತೆ ಬಿಗಿ ಹಿಡಿಯುತ್ತೇವಲ್ಲ, ಹಾಗೆ ಕೆಳಗಿನ ಸ್ನಾಯುವನ್ನು ಮೇಲಕ್ಕೆ ಎಳೆದು ಹಿಡಿಯಬೇಕು. 5 ಎಣಿಸಬೇಕು. ಬಿಡಬೇಕು. ಮತ್ತೆ 5 ಎಣಿಸುವ ತನಕ ವಿಶ್ರಾಂತಿ. ಹೀಗೆ 10 ಸಲ. ದಿನಕ್ಕೆ 3 ಹೊತ್ತು. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಮಾಡಬಾರದು. ರೊಟ್ಟಿ ಬಡಿಯುತ್ತ ಕುಳಿತಾಗಲೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. 3 ತಿಂಗಳು ಬಿಡದೆ ಮಾಡಿದರೆ ಗುಣ ಕಾಣುತ್ತದೆ. ಕೆಮ್ಮುವ ಮೊದಲು, ಕೊಡ ಎತ್ತುವ ಮೊದಲು ಒಮ್ಮೆ ಬಿಗಿ ಹಿಡಿಯಿರಿ.

ಬಟ್ಟೆ ಇಡುವವರು ಹತ್ತಿ ಬಟ್ಟೆ ಇಡಿ. ಒದ್ದೆಯಾದ ಕೂಡಲೇ ಬದಲಿಸಿ. ತೊಳೆದು ಬಿಸಿಲಲ್ಲೇ ಒಣಗಿಸಿ.

ಆಸ್ಪತ್ರೆಗೆ ಯಾವಾಗ?

ಮೂತ್ರದಲ್ಲಿ ರಕ್ತ ಬಂದರೆ, ಉರಿಯ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ತಡ ಮಾಡಬೇಡಿ. ಕಾಲು ಜೋಮು ಹಿಡಿದು ಒಮ್ಮೆಲೇ ಸೋರತೊಡಗಿದರೂ ಕೂಡಲೇ ಹೋಗಬೇಕು. ಗರ್ಭಚೀಲ ಕೆಳಗೆ ಜಾರಿದ್ದರೂ ತೋರಿಸಿ. ಅದನ್ನು ಎತ್ತಿ ಹಿಡಿಯಲು ಒಳಗೆ ಇಡುವ ಬಳೆ ಇದೆ. ಬೇಕಾದರೆ ಆಪರೇಶನ್ನೂ ಇದೆ. ಮೊದಲು ಆಶಾ ಅಕ್ಕನಿಗೆ ಹೇಳಿ. ಹೆಚ್ಚಿನ ಪರೀಕ್ಷೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ನಮಗೆ ದೂರವೇನಲ್ಲ.

ನಮ್ಮ ಆಯಿ ಕಡೆಗೂ ಸೊಸೆಗೆ ಹೇಳಿದಳು. ಸೊಸೆ ಸುಮ್ಮನೆ ಕೈ ಹಿಡಿದು, "ಮೊದಲ ಯಾಕ ಹೇಳಲಿಲ್ಲ ಅತ್ತಿ, ನನಗೂ ಒಮ್ಮೊಮ್ಮೆ ಹಿಂಗ ಆಗ್ತೈತಿ" ಎಂದಳು. ಇಬ್ಬರೂ ಕೂಡಿಯೇ ವ್ಯಾಯಾಮ ಮಾಡಿದರು. ಆಯಿಗೆ ಪೂರ್ತಿ ನಿಂತಿಲ್ಲ. ಬಹಳ ಕಡಿಮೆಯಾಗಿದೆ. ಮರು ವರ್ಷ ಒಂದು ಸೀರೆ ಹೆಚ್ಚಿಗೆ ಕಟ್ಟಿಕೊಂಡು ಜಾತ್ರೆಗೆ ಬಂದಳು.

ನಿಮ್ಮ ಮನೆಯ ಹಿರಿಯರು ಯಾಕೆ ಹೊರಗೆ ಬರುತ್ತಿಲ್ಲ? ಇವತ್ತು ಹತ್ತಿರ ಕುಳಿತು ಮೆಲ್ಲಗೆ ಕೇಳೋಣ.