ವಿದ್ಯಾಲಯಗಳ ಗುಣಪರೀಕ್ಷೆಯೂ ಸಂಯೋಜಕನ ಪದವಿಯೂ

ಮಹಾವಿದ್ಯಾಲಯಗಳ ಗುಣವನ್ನು ಪರೀಕ್ಷಿಸಿ ಶ್ರೇಣಿಯನ್ನು ವಿಧಿಸುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯು 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿರುವುದು ವಾಚಕರಿಗೆ ವಿದಿತವೇ ಆಗಿದೆ. 'ನ್ಯಾಕ್' ಎಂಬುದು ಅದರ ರೂಢನಾಮ. ಇದುವರೆಗಿನ ಪದ್ಧತಿಯಲ್ಲಿ ಮಾನ್ಯತೆಯ ಅವಧಿ ಸಾಮಾನ್ಯವಾಗಿ ಐದು ವರ್ಷಗಳು. (ಅಧಿಕಾರಿಗಳು ಐದೈದು ವರ್ಷಗಳಿಗೊಮ್ಮೆ ಸಂಚಾರ ಹೊರಡಬೇಕೆಂದು ಅಶೋಕನ ಮೂರನೆಯ ಬಂಡೆಶಾಸನವು ಆಜ್ಞಾಪಿಸುತ್ತದೆ, ಆ ಅರಸನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವು 1915ರಲ್ಲಿ ದೊರೆತ ಪ್ರಾಂತದವರಿಗೆ ಈ ಸಾಮ್ಯವು ರುಚಿಸದಿರದು.) ಹೊರಗಿನ ಪರೀಕ್ಷಕರು ಬಂದು ಹೋಗುವವರು. ನಿತ್ಯವೂ ಒಳಗಿರತಕ್ಕದ್ದು ಆಂತರಿಕ ಗುಣಮಟ್ಟ ಭರವಸೆ ಕೋಶ. ಪ್ರಾಚಾರ್ಯರು ಅದಕ್ಕೆ ಅಧ್ಯಕ್ಷರು. ಹಿರಿಯ ಅಧ್ಯಾಪಕರೊಬ್ಬರು ಸಂಯೋಜಕರು. ಈ ಸಂಯೋಜಕನ ಪದವಿಯ ಸ್ವರೂಪವೆಂಥದು ಎಂಬುದೇ ಪ್ರಕೃತ ವಿಚಾರ.

ಪತ್ರಗಳನ್ನು ಕೂಡಿಸಿ ವಾರ್ಷಿಕ ವರದಿಯನ್ನು ಕಳುಹಿಸುವವನೇ ಸಂಯೋಜಕನೆಂದು ಲೋಕವು ತಿಳಿದಿರುವುದು. ಇದು ಅರ್ಧಸತ್ಯ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಪತ್ರವು ಲಿಂಗ, ವಿದ್ಯಾರ್ಥಿಯ ಕಲಿಕೆಯು ಸಾಧ್ಯ. ಧೂಮದಿಂದ ಅಗ್ನಿಯನ್ನು ಊಹಿಸಬಹುದು. ಆದರೆ ಮಂಜನ್ನು ಧೂಮವೆಂದು ಭ್ರಮಿಸಿದವನಿಗೆ ಅಗ್ನಿಯು ದೊರೆಯದು. ವಿಚಾರಗೋಷ್ಠಿಯ ಛಾಯಾಚಿತ್ರವೂ ಸಹಿಪಟ್ಟಿಯೂ ಇದ್ದು, ಗೋಷ್ಠಿಯ ತರುವಾಯ ಒಬ್ಬನಾದರೂ ಒಂದು ಗ್ರಂಥವನ್ನು ತೆರೆಯದಿದ್ದರೆ ಆ ಪತ್ರವು ಮಂಜೇ ಸರಿ. 2017ರ ಪರಿಷ್ಕರಣದಿಂದ ಅಂಕಿಗಳ ರೂಪದ ಮಾಹಿತಿಗೆ ಭಾರವು ಹೆಚ್ಚಿತಾದ ಕಾರಣ ಈ ಭ್ರಮೆಗೆ ಅವಕಾಶವೂ ಹೆಚ್ಚಿತು.

ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಪ್ರಾಂತವನ್ನೇ ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸೀಮೆ ಭತ್ತದ ನಾಡಾಗಿದೆ. ನಾಟಿಯ ಕಾಲದಲ್ಲಿ ತರಗತಿಯ ಹಾಜರಿಯು ಕುಗ್ಗಿತೆಂದು ಭಾವಿಸಿರಿ. ಪುಸ್ತಕವನ್ನು ತಿದ್ದಿ ನೂರಕ್ಕೆ ಎಪ್ಪತ್ತೈದನ್ನು ತುಂಬಿಸುವವನು ಲೇಖಕನೂ ಅಲ್ಲ, ಕೂಟಸಾಕ್ಷಿ. ಕುಗ್ಗಿದುದನ್ನು ಕುಗ್ಗಿದಂತೆಯೇ ಬರೆದು, ಯಾರು ಯಾವ ವಾರ ಏಕೆ ಬರಲಿಲ್ಲವೆಂದು ವಿಚಾರಿಸಿ, ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳುವ ಏರ್ಪಾಡನ್ನು ಸಭೆಯ ಮುಂದಿಡುವವನೇ ಸಂಯೋಜಕನು. ಅವನು ಸಾಕ್ಷಿಯೇ ಹೊರತು ಸಂಸ್ಥೆಯ ವಂದಿಮಾಗಧನಲ್ಲ.

ಇಲ್ಲಿ ಒಂದು ತೊಡಕುಂಟು. ಆ ಸಾಕ್ಷಿಯೂ ಅಧ್ಯಾಪಕನೇ. ತನ್ನ ಪಾಠಗಳ ಹೊರೆಯನ್ನು ಹೊತ್ತುಕೊಂಡೇ ಸಹೋದ್ಯೋಗಿಗಳ ಕಾರ್ಯವನ್ನು ತೂಗಬೇಕು. ಅಧ್ಯಕ್ಷರಾದ ಪ್ರಾಚಾರ್ಯರ ಅಧೀನದಲ್ಲಿದ್ದೇ ಸಂಸ್ಥೆಯ ನ್ಯೂನತೆಯನ್ನು ಬರೆಯಬೇಕು. ನಮ್ಮ ಪೂರ್ವಿಕರು ಇಂತಹ ಕಾರ್ಯವಿಭಾಗದಲ್ಲಿ ಎಚ್ಚರವುಳ್ಳವರಾಗಿದ್ದರು. ಕ್ರಿ. ಶ. 1058ರ ನಾಗಾವಿಯ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳ ಉಪಾಧ್ಯಾಯರಲ್ಲದೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಗ್ರಂಥರಕ್ಷಣೆಯು ಉಪಾಧ್ಯಾಯನ ಬಿಡುವಿನ ಕೆಲಸವೆಂದು ಅವರು ಎಣಿಸಲಿಲ್ಲ.

ಆದುದರಿಂದ ಸಂಯೋಜಕನಿಗೆ ಸಲ್ಲತಕ್ಕವು ಎರಡು. ಪಾಠದ ಅವಧಿಗಳಲ್ಲಿ ನಿಯತವಾದ ಕಡಿತವು ಮೊದಲನೆಯದು. ಇದನ್ನು ಯಾರೂ ಅಲ್ಲಗಳೆಯರು, ಯಾರೂ ಕೊಡುವುದೂ ಇಲ್ಲ. ಎರಡನೆಯದು ಕಠಿನವಾದುದು: ಕೋಶದ ನಡವಳಿಯ ಪುಸ್ತಕದಲ್ಲಿ ಭಿನ್ನಾಭಿಪ್ರಾಯವನ್ನು ತನ್ನ ಹೆಸರಿನಿಂದಲೇ ದಾಖಲಿಸುವ ಹಕ್ಕು. ಕೋಶದಲ್ಲಿ ಊರಿನವರಿಗೂ ಹಳೆಯ ವಿದ್ಯಾರ್ಥಿಗಳಿಗೂ ಸ್ಥಾನವುಂಟಷ್ಟೆ. ಆ ನಡವಳಿಯನ್ನು ಮೊದಲು ಅವರು ಓದಲಿ, ಬಳಿಕ ಅದು ಬೆಂಗಳೂರಿಗೆ ಹೋಗಲಿ.